ಸಾಲ ಕೊಟ್ಟ ಟೆಂಡನ್‌ನ ಕೇಳೋರೇ ಇಲ್ಲ! (ಮೊಣಕಾಲು ಸರಣಿ, ಭಾಗ 4)

"ಎಸಿಎಲ್ ಆಪರೇಷನ್ ಆಯ್ತಲ್ಲ, ಆರು ತಿಂಗಳಿಗೆ ಗ್ರೌಂಡಿಗೆ ಇಳಿ" ಅಂತಾರಾ? ತಿರುಗಿಸಿ ಕೇಳಿ: ಟೆಂಡನ್ ತೆಗೆದ ಜಾಗದ ಕಥೆ ಏನು?

ಹೊಸ ಲಿಗಮೆಂಟ್ ಆಕಾಶದಿಂದ ಉದುರಿದ್ದಲ್ಲ. ಎಷ್ಟೋ ಜನರಿಗೆ ಅದು ಅವರದೇ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಟೆಂಡನ್. ಹ್ಯಾಮ್‌ಸ್ಟ್ರಿಂಗ್ ಕೆಲಸ ಏನು? ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ ಹಿಂದಕ್ಕೆ ಎಳೆಯೋದು. ಅಂದ್ರೆ ಎಸಿಎಲ್‌ಗೆ ಕಾವಲು. ಕಾವಲುಗಾರನ ಕೈ ಕಿತ್ತು ಬಾಗಿಲಿಗೆ ಚಿಲಕ ಹಾಕಿದ್ದೀವಿ!

"ಅದು ಹಲ್ಲಿ ಬಾಲದ ಥರ ಮತ್ತೆ ಬೆಳೆಯುತ್ತೆ" ಅಂತಾರೆ. ಹೌದು, ಬಹಳ ಜನರಲ್ಲಿ ಬೆಳೆಯುತ್ತೆ. ಆದ್ರೆ ಹಲ್ಲಿಯ ಹೊಸ ಬಾಲ ಹಳೇ ಬಾಲ ಅಲ್ಲ. ಹೊಸ ಟೆಂಡನ್ ಅನೇಕ ಸಲ ಮೊದಲಿಗಿಂತ ಮೇಲೆ ಅಂಟಿಕೊಳ್ಳುತ್ತೆ, ಸ್ನಾಯು ಗಿಡ್ಡವಾಗುತ್ತೆ. ಹಿಡಿ ಮೋಟಾದ ಸ್ಪ್ಯಾನರ್ ನೆನಪಿಸ್ಕೊಳ್ಳಿ.

ಕುರ್ಚಿಯಲ್ಲಿ ಕೂರಿಸಿ ಬಲ ಅಳೆದರೆ ಈ ಕೊರತೆ ಅಡಗಿಬಿಡಬಹುದು. ಬೋರಲು ಮಲಗಿಸಿ, ಮೊಣಕಾಲು ಪೂರ್ತಿ ಮಡಚಿದಾಗ ಅಳೆದರೆ ಬಯಲಾಗುತ್ತೆ.

ಆಪರೇಷನ್ ಬೇಡ ಅಂತಿಲ್ಲ. ಕ್ಯಾಲೆಂಡರ್ ನೋಡಿ ಆಟಕ್ಕೆ ಬಿಡಬೇಡಿ ಅಂತಿದ್ದೀನಿ. 9 ತಿಂಗಳು ಕಾಯಿರಿ. ಆಮೇಲೂ ಫಿಸಿಯೋ ಹತ್ರ ಎರಡೂ ಕಾಲಿನ ಬಲ ಅಳೆಸಿಕೊಂಡೇ ಇಳಿಯಿರಿ. ಗಾಯದ ಗುರುತು ಮಾಸಿದ ಮಾತ್ರಕ್ಕೆ ಸಾಲ ತೀರಲ್ಲ.