ಸಗಣಿ ಹುಳಕ್ಕೂ ಒಂದು ರಿಜಿಸ್ಟರ್ ಬೇಕು

ಸಗಣಿ ಹುಳ ಎಂದರೆ ನಮ್ಮಲ್ಲಿ ಹಲವರು ಮೂಗು ಮುಚ್ಚಿಕೊಳ್ಳುತ್ತಾರೆ. ಆದರೆ ಮಳೆಕಾಡಿನ ಆರೋಗ್ಯ ತಿಳಿಯಲು ವಿಜ್ಞಾನಿಗಳು ಈ ಹುಳಗಳನ್ನೇ ಎಣಿಸುತ್ತಾರೆ. ಕಾಡಿನಲ್ಲಿ ಪ್ರಾಣಿಗಳು ಕಡಿಮೆಯಾದರೆ ಲದ್ದಿ ಕಡಿಮೆ, ಲದ್ದಿ ಕಡಿಮೆಯಾದರೆ ಹುಳವೂ ಕಡಿಮೆ. ಪಶ್ಚಿಮಘಟ್ಟದ ಸಗಣಿ ಹುಳಗಳ ಬಗ್ಗೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಕೀಟತಜ್ಞರು ಅಧ್ಯಯನ ಮಾಡಿದ್ದಾರೆ.

ಎಣಿಸುವ ವಿಧಾನ ಸುಲಭ. ಡಬ್ಬಿಯನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂತು, ಮೇಲೆ ಬಟ್ಟೆಯಲ್ಲಿ ಕಟ್ಟಿದ ಸಗಣಿ ತೂಗುಬಿಡಬೇಕು. ವಾಸನೆಗೆ ಬಂದ ಹುಳ ಒಳಗೆ ಬೀಳುತ್ತದೆ. ಡಬ್ಬಿಗಳ ನಡುವೆ 50 ಮೀಟರ್ ಅಂತರವಿರಬೇಕು. ಕಷ್ಟವಿರುವುದು ಬೇರೆ ಕಡೆ: ಅದೇ ಜಾಗ, ಅದೇ ತಿಂಗಳು, ಅದೇ ವಿಧಾನದಲ್ಲಿ ಪ್ರತಿವರ್ಷ ಎಣಿಸಬೇಕು. ಒಂದೇ ವರ್ಷದ ಲೆಕ್ಕದಿಂದ ಹುಳ ಹೆಚ್ಚಿತೋ ಕಡಿಮೆಯಾಯಿತೋ ಗೊತ್ತಾಗದು.

ನಮ್ಮ ನೀಲಗುಂದ ಮಳೆಕಾಡಲ್ಲ, ಬಯಲುಸೀಮೆ. ಆದರೂ ಈ ಲೆಕ್ಕ ನಮಗೂ ಬೇಕು. ಹುಳ ಸಗಣಿಯನ್ನು ಮಣ್ಣೊಳಗೆ ಒಯ್ದು ಹೊಲಕ್ಕೆ ಗೊಬ್ಬರ ಮಾಡುತ್ತದೆ, ನೊಣ ಹೆಚ್ಚದಂತೆ ತಡೆಯುತ್ತದೆ. ಆಸ್ಟ್ರೇಲಿಯಾದ ಹುಳಗಳಿಗೆ ಕಾಂಗರೂ ಹಿಕ್ಕೆಯಷ್ಟೇ ರೂಢಿ. ಹೊರಗಿನಿಂದ ಬಂದ ದನಗಳ ಸಗಣಿ ಕರಗದೆ ನೊಣದ ಕಾಟ ವಿಪರೀತವಾಯಿತು. ಕೊನೆಗೆ 1960ರ ದಶಕದಿಂದ ಆ ದೇಶ ಆಫ್ರಿಕಾ ಮುಂತಾದ ಕಡೆಗಳಿಂದ ಹುಳ ತರಿಸಬೇಕಾಯಿತು!

ಇಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ದನಗಳಿಗೆ ಕೊಡುವ ಐವರ್‌ಮೆಕ್ಟಿನ್ ಎಂಬ ಜಂತುನಾಶಕ ಸಗಣಿಯಲ್ಲಿ ಉಳಿದು ಹುಳದ ಮರಿಗಳನ್ನು ಕೊಲ್ಲಬಲ್ಲದು. ನಮ್ಮೂರಿನ ಹುಳಗಳ ಗತಿ ಏನಾಗಿದೆ? ಹಳೆಯ ಲೆಕ್ಕವಿಲ್ಲದೆ ಯಾರೂ ಹೇಳಲಾರರು.

ಸಿಇಟಿ, ನೀಟ್ ಓದುವ ಹೊತ್ತಿನಲ್ಲಿ ಇದೆಲ್ಲ ಯಾಕೆ ಎಂದು ಗೆಳೆಯರು ಕೇಳಬಹುದು. ನಾನು ಕೇಳುತ್ತಿರುವುದು ವರ್ಷಕ್ಕೆ ಎರಡು ದಿನ ಮಾತ್ರ: ಮುಂಗಾರು ಹಿಡಿದ ಮೇಲೆ ಒಂದು ಸಂಜೆ ಡಬ್ಬಿ ಹೂಳುವುದು, ಮರುದಿನ ಎಣಿಸಿ ಹುಳಗಳನ್ನು ಬಿಟ್ಟುಬಿಡುವುದು. ಅಸಹ್ಯ ಎನ್ನುವವರಿಗೆ ಕೈಗವಸು, ಸಾಬೂನು ಇವೆ. ಜೇನು, ಇರುವೆ, ಜೇಡಗಳ ಹೆಸರಿನ ಅಧ್ಯಾಯಗಳಿರುವ ಕುರ್‌ಆನ್ ಓದುವ ನಾವು ಸಣ್ಣ ಜೀವಿಯನ್ನು ಕೀಳಾಗಿ ಕಾಣುವುದು ಸರಿಯಲ್ಲ.

ಪಿಯು ವಿದ್ಯಾರ್ಥಿಗಳು ಕಾಲೇಜಿನಲ್ಲಿರುವುದು ಎರಡೇ ವರ್ಷ. ಆದ್ದರಿಂದ ಲೆಕ್ಕ ನಮ್ಮ ಮೊಬೈಲ್‌ಗಳಲ್ಲಿ ಉಳಿಯಬಾರದು. ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ರಿಜಿಸ್ಟರ್ ಇಡಬೇಕೆಂದು ಪ್ರಾಂಶುಪಾಲರಲ್ಲಿ ಮನವಿ ಮಾಡುತ್ತೇನೆ. ದ್ವಿತೀಯ ಪಿಯುನವರು ಪ್ರಥಮ ಪಿಯುನವರಿಗೆ ಕಲಿಸಿ, ಅದನ್ನು ಅವರ ಕೈಗೊಪ್ಪಿಸಿ ಹೋಗಲಿ. ಮೊದಲ ಪುಟ ಈ ಮುಂಗಾರಿನಲ್ಲೇ ಬರೆಯೋಣ.