ಚಲನ್ ಕೈಗೆ ಬಂದಾಗ

ವಿಜಯವಾಡದ ಪಟಮಟದ ಪಕ್ಕದಲ್ಲೇ ಬೆಂಜ್ ಸರ್ಕಲ್. ಚೆನ್ನೈ–ಕೋಲ್ಕತ್ತ ಹೆದ್ದಾರಿಯ ಲಾರಿಗಳೂ ಊರಿನ ಆಟೋ, ಸ್ಕೂಟರ್‌ಗಳೂ ಅಲ್ಲಿ ಬಂದು ಸೇರುತ್ತವೆ. ಅಲ್ಲಿ ಹೆಲ್ಮೆಟ್ ಇಲ್ಲದೆ ಪೊಲೀಸರಿಗೆ ಸಿಕ್ಕಿಬಿದ್ದವರು ವಕೀಲರನ್ನು ಹಿಡಿದರೆ ಅವರ ಫೀಸೇ ದಂಡವನ್ನು ಮೀರೀತು, ಕಟ್ಟಿಬಿಡುವುದೇ ಮೇಲು. ಕುಡಿದು ಓಡಿಸಿದ ಆರೋಪ ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ ಮದ್ಯದ ಅಂಶ 30 ಮಿಲಿಗ್ರಾಂ ದಾಟಿದರೆ ಮೊದಲ ಸಲವೇ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ ಆ ದಂಡ 2,000 ರೂಪಾಯಿ ಮೀರುತ್ತಿರಲಿಲ್ಲ. ಇಂಥ ಪ್ರಕರಣದಲ್ಲಿ ಅವಸರದಿಂದ ತಪ್ಪೊಪ್ಪಿಕೊಂಡು ಹೊರಬರುವುದು ಅಪಾಯ. ಅದು ಮೊದಲ ಅಪರಾಧವೆಂದು ದಾಖಲಾಗುತ್ತದೆ; ಎರಡನೆಯ ಸಲ ಸಿಕ್ಕರೆ ಶಿಕ್ಷೆ 2 ವರ್ಷದವರೆಗೂ ಹೋಗುತ್ತದೆ. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗದಿದ್ದರೆ ಬಿಡುಗಡೆ ಮಾಡಬೇಕೆಂದು 202ನೇ ಕಲಂ ಹೇಳುತ್ತದೆ. ಇದನ್ನು ಎಷ್ಟು ಆಟೋ ಚಾಲಕರು ಬಲ್ಲರು? ಇಂಥ ಕಡೆ ವಕೀಲರು ಬೇಕೇ ಬೇಕು. ಕೈಯಲ್ಲಿ ಕಾಸಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬಹುದು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಲು ಅರ್ಹರು.