ಪೆಟ್ಟಿಗೆಯ ಮೇಲೆ ಬರೆಯದ ಎರಡು ಅಂಕಿ

ಎಂಬತ್ತು ತೊಂಬತ್ತು ಸಾವಿರ ಕೊಟ್ಟು ಕೊಳ್ಳುವ ವಸ್ತುವಿನ ಪೆಟ್ಟಿಗೆಯ ಮೇಲೆ ಕೊಳ್ಳುವವರಿಗೆ ಎಲ್ಲಕ್ಕಿಂತ ಬೇಕಾದ ವಿಷಯವೇ ಇಲ್ಲದಿದ್ದರೆ ಅದನ್ನು ಅನ್ಯಾಯ ಎನ್ನದೆ ಏನೆನ್ನಬೇಕು? ಗೇಮಿಂಗ್ ಲ್ಯಾಪ್‌ಟಾಪ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಯಂತ್ರಗಳ ಕತೆ ಇದೇ. ಗ್ರಾಫಿಕ್ಸ್ ಕಾರ್ಡಿನ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ, ಆ ಕಾರ್ಡಿಗೆ ಎಷ್ಟು ವ್ಯಾಟ್ ವಿದ್ಯುತ್ ಸಿಗುತ್ತದೆ ಎಂಬುದು ಇರುವುದಿಲ್ಲ. ಪರದೆ 144 ಹರ್ಟ್ಸ್ ಎಂದು ಇರುತ್ತದೆ, ಅದು ಎಷ್ಟು ಬಣ್ಣ ತೋರಿಸುತ್ತದೆ ಎಂಬುದು ಇರುವುದಿಲ್ಲ. ನಾನು ನೋಡಿದ ಪೆಟ್ಟಿಗೆಗಳ ಪಾಡೆಲ್ಲ ಇಷ್ಟೇ.

ನವಿ ಮುಂಬಯಿಯ ಘಣಸೋಲಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಹೋಟೆಲುಗಳ ಮೆನು ಕಾರ್ಡು, ಫ್ಲೆಕ್ಸು ನನ್ನ ಕೆಲಸ. ಇಡೀ ದಿನ ಕಂಪ್ಯೂಟರ್ ಎದುರಿಗಿರುವವಳು ಎಂಬ ಕಾರಣಕ್ಕೆ, ಕಾಲೇಜು ಶುರುವಾಗುವ ದಿನಗಳಲ್ಲಿ ನಮ್ಮೂರ ಕಡೆಯ ತಂದೆ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ‘ಅಕ್ಕಾ, ಯಾವ ಲ್ಯಾಪ್‌ಟಾಪ್ ತಕೊಳ್ಳುವುದು?’ ಅಪ್ಪ ಕ್ಯಾಂಟೀನಿನಲ್ಲೋ ರಬಾಳೆಯ ಎಂಐಡಿಸಿ ಕಾರ್ಖಾನೆಯಲ್ಲೋ ದುಡಿದವರು. ಮಗಳಿಗೆ ಖಾರ್ಘರ್‌ನ ನಿಫ್ಟ್‌ನಲ್ಲಿ ಸೀಟು ಸಿಕ್ಕಿರುತ್ತದೆ, ಇಲ್ಲವೇ ಮಗ ವಾಶಿಯಲ್ಲಿ ಇಂಟೀರಿಯರ್ ಡಿಸೈನ್‌ಗೆ, ಠಾಣೆಯಲ್ಲಿ ಅನಿಮೇಶನ್‌ಗೆ ಸೇರಿರುತ್ತಾನೆ. ಮನೆಯಲ್ಲಿ ಅದುವರೆಗೆ ಕೊಂಡ ವಸ್ತುಗಳಲ್ಲೆಲ್ಲ ಇದೇ ದುಬಾರಿ. ಅಂಥವರು ಅಂಗಡಿಯವನ ಮಾತಿನ ಮೇಲೆ ಭರವಸೆಯಿಟ್ಟು ಹಣ ಎಣಿಸಬೇಕಾಗಿ ಬರುವುದು ನನಗೆ ಸಹಿಸಲಾಗದ ಸಂಗತಿ.

ಮೊನ್ನೆ ನನ್ನ ತಂಗಿಯ ಮಗನ ಸರದಿ. ಇಂಟೀರಿಯರ್ ಡಿಸೈನ್ ಮೊದಲ ವರ್ಷ. ರಾತ್ರಿ ಊಟವಾದ ಮೇಲೆ ಗೆಳೆಯರ ಜೊತೆ ವ್ಯಾಲರಂಟ್ ಆಡುತ್ತಾನೆ. ಓದಿಗೂ ಆಟಕ್ಕೂ ಒಂದೇ ಯಂತ್ರ ಬೇಕು. ವಾಶಿ ಸೆಕ್ಟರ್ 17ರ ಅಂಗಡಿಗಳನ್ನು ನೋಡಿಕೊಂಡು, ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೂ ಹೋದೆವು. ನನ್ನ ಪೆನ್‌ಡ್ರೈವಿನಲ್ಲಿ ಯಕ್ಷಗಾನದ ಬಣ್ಣದ ವೇಷದ ಒಂದು ಫೋಟೋ ಇದೆ. ಮುಖದ ತುಂಬ ಕಡುಕೆಂಪು, ಹಣೆಯ ಮೇಲೆ ಹಳದಿ, ಸುತ್ತ ಅಕ್ಕಿಹಿಟ್ಟಿನ ಬಿಳಿ ಚಿಟ್ಟಿ. ಪರದೆ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. ಅಕ್ಕಪಕ್ಕ ಇಟ್ಟಿದ್ದ ಎರಡು ಲ್ಯಾಪ್‌ಟಾಪುಗಳಲ್ಲಿ ಅದನ್ನು ತೆರೆಸಿದೆ. ಎರಡರ ಚೀಟಿಯಲ್ಲೂ ಅದೇ ಕಾರ್ಡು, ಅದೇ 144 ಹರ್ಟ್ಸ್, ಬೆಲೆಯಲ್ಲಿ ಕೆಲವೇ ಸಾವಿರದ ವ್ಯತ್ಯಾಸ. ಒಂದರಲ್ಲಿ ಕೆಂಪು ಕೆಂಪಾಗಿಯೇ ಇತ್ತು. ಇನ್ನೊಂದರಲ್ಲಿ ಅದು ಮಾಸಿದ ಇಟ್ಟಿಗೆ ಬಣ್ಣಕ್ಕೆ ಇಳಿದಿತ್ತು, ಹಳದಿ ಬಿಳಿಚಿಕೊಂಡಿತ್ತು, ಚಿಟ್ಟಿಯ ಬಿಳಿಯಲ್ಲಿ ನೀಲಿ ಕಾಣುತ್ತಿತ್ತು. ಹುಡುಗ ಬೆರಗಾಗಿ, ‘ದೊಡ್ಡಮ್ಮಾ, ಇದು ಬೇರೆ ಫೋಟೋವಾ?’ ಎಂದ.

ಫೋಟೋ ಒಂದೇ. ಮೊದಲನೆಯದು ಎಸ್‌ಆರ್‌ಜಿಬಿ ಎಂಬ ಅಳತೆಯ ಬಣ್ಣಗಳನ್ನು ಹೆಚ್ಚುಕಡಿಮೆ ಪೂರ್ತಿ ತೋರಿಸುವ ಪರದೆ. ಎರಡನೆಯದು ‘45 ಶೇಕಡಾ ಎನ್‌ಟಿಎಸ್‌ಸಿ’ ದರ್ಜೆಯದು. ಎಸ್‌ಆರ್‌ಜಿಬಿ ಲೆಕ್ಕಕ್ಕೆ ತಂದರೆ ನೂರಕ್ಕೆ ಅರವತ್ತರ ಆಸುಪಾಸು. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಕಂಪನಿಗಳು ಖರ್ಚು ಉಳಿಸುವ ಮೊದಲ ಜಾಗ ಇದು. ಆಟ ಆಡುವವನಿಗೆ ಇದರಿಂದ ಅಷ್ಟೇನೂ ನಷ್ಟವಿಲ್ಲ, ಶತ್ರು ಓಡಿ ಬರುವುದು ಕಂಡರೆ ಸಾಕು. ಗೋಡೆಗೆ, ಪರದೆಬಟ್ಟೆಗೆ, ಸೋಫಾಕ್ಕೆ ಬಣ್ಣ ಹೊಂದಿಸುವುದನ್ನು ಕಲಿಯಲು ಹೊರಟ ವಿದ್ಯಾರ್ಥಿಗೆ ಮಾತ್ರ ಇದು ದೊಡ್ಡ ಪೆಟ್ಟು. ಅವನ ಕಣ್ಣು ತಪ್ಪು ಬಣ್ಣಕ್ಕೇ ಒಗ್ಗಿಹೋಗುತ್ತದೆ. ಮದುವೆ ಕಾಗದದ ಕುಂಕುಮ ಬಣ್ಣ ಪ್ರೆಸ್‌ನಿಂದ ಬೇರೆಯಾಗಿ ಬಂದರೆ ಗಿರಾಕಿ ಬೈಯುವುದು ಡಿಸೈನ್ ಮಾಡಿದವರನ್ನೇ.

ಇನ್ನು ವ್ಯಾಟ್. ಆರ್‌ಟಿಎಕ್ಸ್ 4060 ಎಂಬ ಲ್ಯಾಪ್‌ಟಾಪ್ ಕಾರ್ಡನ್ನೇ ತೆಗೆದುಕೊಳ್ಳಿ. ಎನ್‌ವಿಡಿಯಾ ಕಂಪನಿ ಇದಕ್ಕೆ ಕೊಟ್ಟಿರುವ ವಿದ್ಯುತ್ ಮಿತಿ 35ರಿಂದ 115 ವ್ಯಾಟ್. ಎಷ್ಟಕ್ಕೆ ನಿಲ್ಲಿಸಬೇಕೆಂದು ಲ್ಯಾಪ್‌ಟಾಪ್ ತಯಾರಿಸುವವರು ತಮ್ಮ ಯಂತ್ರದ ದಪ್ಪ, ಫ್ಯಾನು, ಚಾರ್ಜರು ನೋಡಿಕೊಂಡು ತೀರ್ಮಾನಿಸುತ್ತಾರೆ. ಒಂದೇ ಗ್ಯಾಸ್ ಒಲೆಯನ್ನು ಒಬ್ಬರು ಸಿಮ್‌ನಲ್ಲಿಟ್ಟು, ಇನ್ನೊಬ್ಬರು ಪೂರ್ತಿ ಉರಿಸಿದ ಹಾಗೆ. ವ್ಯಾಟ್ ಮೂರು ಪಟ್ಟಾದರೆ ವೇಗ ಮೂರು ಪಟ್ಟಾಗುವುದಿಲ್ಲ ನಿಜ, ಆದರೂ ಅಂತರ ಕಣ್ಣಿಗೆ ರಾಚುವಷ್ಟಿದೆ. ಬಿಸಿ ಹೊರಹಾಕಲಾಗದ ತೆಳು ಮೈಯಲ್ಲಿ ಕೂತ 4060, ದಪ್ಪ ಮೈಯಲ್ಲಿ ಪೂರ್ತಿ ವಿದ್ಯುತ್ ಪಡೆದ, ಒಂದು ಮೆಟ್ಟಿಲು ಕೆಳಗಿನ 4050ರ ಹತ್ತಿರಕ್ಕೆ ಇಳಿಯಬಹುದು. ಗಿರಾಕಿ ಮಾತ್ರ 4060ರ ಹಣ ಕೊಟ್ಟಿರುತ್ತಾನೆ. ಹಿಂದೆ ಕಡಿಮೆ ವಿದ್ಯುತ್ತಿನ ಕಾರ್ಡುಗಳ ಹೆಸರಿನ ಜೊತೆ ‘ಮ್ಯಾಕ್ಸ್-ಕ್ಯೂ’ ಎಂದಾದರೂ ಇರುತ್ತಿತ್ತು. 2021ರಲ್ಲಿ 30ರ ಸಾಲಿನ ಕಾರ್ಡುಗಳು ಬಂದಾಗ ಆ ಗುರುತೂ ಹೋಯಿತು. ಆಕ್ಷೇಪ ಎದ್ದ ಮೇಲೆ, ತಯಾರಕರು ತಮ್ಮ ಜಾಲತಾಣದಲ್ಲಿ ವ್ಯಾಟ್ ತಿಳಿಸಬೇಕೆಂದು ಎನ್‌ವಿಡಿಯಾ ಹೇಳಿತು. ಜಾಲತಾಣದಲ್ಲಿ ಹುಡುಕಿದರೆ ಸಿಗುತ್ತದೆ, ಅಂಗಡಿಯ ಚೀಟಿಯಲ್ಲಿಲ್ಲ. ಈಗಿನ 50ರ ಸಾಲಿನಲ್ಲೂ ಹೀಗೆಯೇ ನಡೆದಿದೆ.

ಪತ್ತೆ ಮಾಡುವ ದಾರಿ ಇದೆ. ಅಂಗಡಿಯಲ್ಲಿ ಚಾಲೂ ಇಟ್ಟ ಯಂತ್ರದಲ್ಲಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಶನ್ ಒತ್ತಿದರೆ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಎಂಬ ಸಾಲಿನಲ್ಲಿ ಅಂಕಿ ಕಾಣುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿದರೆ ರ‍್ಯಾಮ್‌ನ ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ ಎಂಬುದೂ ಗೊತ್ತಾಗುತ್ತದೆ. ತಂಗಿಯ ಮಗನಿಗೆ ಇಷ್ಟು ಹೇಳಿಕೊಟ್ಟ ಮೇಲೆ ಮುಂದಿನ ಅಂಗಡಿಗಳಲ್ಲಿ ಅವನೇ ನೋಡಿದ. ಆದರೆ ಕ್ಯಾಂಟೀನಿನಲ್ಲಿ ದುಡಿದು ಬಂದ ತಂದೆ ಇದನ್ನೆಲ್ಲ ಕಲಿತೇ ಅಂಗಡಿ ಮೆಟ್ಟಿಲು ಹತ್ತಬೇಕೆ?

ಯಾವ ಸಾಫ್ಟ್‌ವೇರ್‌ಗೆ ಏನು ಬೇಕು ಎಂಬುದನ್ನು ಕಾಲೇಜುಗಳೂ ಸ್ಪಷ್ಟವಾಗಿ ಹೇಳುವುದಿಲ್ಲ. ‘ಒಳ್ಳೆಯ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಆಟೋಕ್ಯಾಡ್‌ನಲ್ಲಿ ಬರೀ ನಕ್ಷೆ ಎಳೆಯುವವರಿಗೆ ದುಬಾರಿ ಕಾರ್ಡು ದಂಡ. ಆಟೋಕ್ಯಾಡ್ ಬಹುಪಾಲು ಪ್ರೊಸೆಸರ್‌ನ ಒಂದೇ ಕೋರ್ ಬಳಸುತ್ತದೆ. ರೆವಿಟ್ ಕೇಳುವುದೂ ವೇಗದ ಪ್ರೊಸೆಸರ್ ಮತ್ತು ಧಾರಾಳ ರ‍್ಯಾಮ್. ಕಾರ್ಡಿಗೆ ನಿಜವಾದ ಕೆಲಸ ಬೀಳುವುದು ಲ್ಯೂಮಿಯಾನ್, ಎನ್‌ಸ್ಕೇಪ್, ಬ್ಲೆಂಡರ್‌ಗಳಲ್ಲಿ ಮನೆಯ ಒಳಾಂಗಣವನ್ನು ನಿಜದಂತೆ ರೆಂಡರ್ ಮಾಡುವಾಗ. ಅಲ್ಲಿ ಕಾರ್ಡಿನದೇ ಮೆಮೊರಿ ಎಷ್ಟು ಎಂಬುದು ನಿರ್ಣಾಯಕ. 4050ರಲ್ಲಿ 6 ಜಿಬಿ, 4060ರಲ್ಲಿ 8. ಅದಕ್ಕಿಂತ ದುಬಾರಿಯಾದ ಲ್ಯಾಪ್‌ಟಾಪ್ 4070ರಲ್ಲೂ ಅದೇ 8! ವೇಗ ಸ್ವಲ್ಪ ಹೆಚ್ಚಬಹುದು, ಆದರೆ ಮೆಮೊರಿಗೆ ಹಿಡಿಸದ ದೊಡ್ಡ ದೃಶ್ಯ ಎರಡರಲ್ಲೂ ಒಂದೇ ಜಾಗದಲ್ಲಿ ಮುಗ್ಗರಿಸುತ್ತದೆ. ಮ್ಯಾಕ್ ಕೊಳ್ಳಲು ಹೊರಟವರಿಗೆ ಇನ್ನೊಂದು ಮಾತು. ರೆವಿಟ್ ಮತ್ತು ತ್ರೀಡಿಎಸ್ ಮ್ಯಾಕ್ಸ್‌ಗೆ ಮ್ಯಾಕ್ ಆವೃತ್ತಿಯೇ ಇಲ್ಲ. ಪಠ್ಯಕ್ರಮದಲ್ಲಿ ಅವು ಇದ್ದರೆ ವಿಂಡೋಸೇ ಗತಿ.

ಗೇಮಿಂಗ್ ಎಂಬ ಹೆಸರು ಕೇಳಿದೊಡನೆ ಮುಖ ಗಂಟಿಕ್ಕುವ ಹಿರಿಯರ ಬಗ್ಗೆಯೂ ಹೇಳಬೇಕು. ‘ಓದಲಿಕ್ಕೆ ಕೊಡಿಸುವುದು, ಆಡಲಿಕ್ಕಲ್ಲ’ ಎನ್ನುತ್ತಾ ಗೇಮಿಂಗ್ ಎಂಬ ಚೀಟಿಯಿಲ್ಲದ್ದನ್ನೇ ಹುಡುಕುವವರಿದ್ದಾರೆ. ಆಟವನ್ನು ಓಡಿಸುವ ಕಾರ್ಡೇ ರೆಂಡರ್ ಮಾಡುತ್ತದೆ. ಅದೇ ಕಾರ್ಡನ್ನು ‘ಕ್ರಿಯೇಟರ್’ ಎಂಬ ಹೆಸರಿನ ತೆಳು ಯಂತ್ರದಲ್ಲಿಟ್ಟಾಗ ಸಾಮಾನ್ಯವಾಗಿ ಬೆಲೆ ಏರುತ್ತದೆ. ಅಷ್ಟೇ ಅಲ್ಲ, ಆಟ ತಯಾರಿಸುವುದು ಇವತ್ತು ದೊಡ್ಡ ಉದ್ಯೋಗ, ಅದರ ಬೇರು ಕರ್ನಾಟಕದಲ್ಲೇ ಇದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್ಯಾಕ್ಟಿವ್ ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದು. ಅಲ್ಲಿನ ಕಲಾವಿದರು ಹೊರದೇಶದ ಹೆಸರಾಂತ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ರೂಪಿಸಿಕೊಟ್ಟರು. 2019ರಲ್ಲಿ ಆ ಕಂಪನಿಯನ್ನು ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಸ್ಟುಡಿಯೋಕ್ಕೆ ಸೇರಿಸಿಕೊಂಡಿತು. ಹುಡುಗರು ಹಗಲಿರುಳು ಕಾಯುತ್ತಿರುವ ಜಿಟಿಎ 6 ಇದೇ ರಾಕ್‌ಸ್ಟಾರ್‌ನದು. ಅನಿಮೇಶನ್, ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಪ್ರತ್ಯೇಕ ನೀತಿ ತಂದಿತ್ತು. ಮಗ ರಾತ್ರಿ ಆಡುವ ಆಟದ ಹಿಂದಿನ ಬಣ್ಣ, ಬೆಳಕು, ಕಟ್ಟಡ ಎಲ್ಲವೂ ಅವನು ಹಗಲು ಕಲಿಯುವ ವಿದ್ಯೆಯೇ. ಅಂದಹಾಗೆ, ಜಿಟಿಎ 6ಕ್ಕೆಂದೇ ಲ್ಯಾಪ್‌ಟಾಪ್ ಕೇಳುವ ಹುಡುಗರು ಗಮನಿಸಬೇಕು, ಕಂಪನಿ ಘೋಷಿಸಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ. ವ್ಯಾಲರಂಟ್‌ಗಾದರೋ ದೊಡ್ಡ ಕಾರ್ಡೇ ಬೇಡ.

ಜಾಗ ಇದ್ದವರಿಗೆ ನಾನು ಡೆಸ್ಕ್‌ಟಾಪನ್ನೇ ಹೇಳುತ್ತೇನೆ. ಅದೇ ಹಣಕ್ಕೆ ಹೆಚ್ಚು ಶಕ್ತಿ, ಬಿಸಿ ಕಡಿಮೆ, ಕೆಟ್ಟರೆ ಬಿಡಿಭಾಗ ಬದಲಿಸಬಹುದು. ಆದರೆ ಘಣಸೋಲಿಯ ಒಂದು ರೂಮು ಕಿಚನ್‌ನಲ್ಲಿ ನಾಲ್ಕು ಜನ ಮಲಗುವ ಮನೆಯಲ್ಲಿ ಮೇಜು ಎಲ್ಲಿಡುವುದು? ಕಾಲೇಜಿಗೂ ಒಯ್ಯಬೇಕು. ಹಾಗಾಗಿ ಲ್ಯಾಪ್‌ಟಾಪ್. ಯಂತ್ರ, ಚಾರ್ಜರು ಸೇರಿ ಸುಮಾರು ಮೂರು ಕಿಲೋ. ಬೆಳಿಗ್ಗೆ ಠಾಣೆಯಿಂದ ತುಂಬಿಕೊಂಡೇ ಬರುವ ಪನ್ವೇಲ್ ಲೋಕಲ್‌ಗೆ ಬ್ಯಾಗನ್ನು ಎದೆಗೆ ಕಟ್ಟಿಕೊಂಡು ಹತ್ತಬೇಕು. ಚಾರ್ಜರ್ ಮನೆಯಲ್ಲೇ ಬಿಟ್ಟು ಹೋಗುವ ಹಾಗಿಲ್ಲ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್ ಆದ್ದರಿಂದ ಕಂಪನಿಗಳು ಅದಕ್ಕಿಂತ ದೊಡ್ಡದನ್ನು ಹಾಕುವುದಿಲ್ಲ. ಪೂರ್ತಿ ದುಡಿಯುವಾಗ ಇನ್ನೂರು ವ್ಯಾಟ್ ಎಳೆಯುವ ಯಂತ್ರಕ್ಕೆ ಅದು ಅರ್ಧ ಗಂಟೆಗೂ ಸಾಲದು. ಅದಕ್ಕೇ ಚಾರ್ಜರ್ ತೆಗೆದೊಡನೆ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ನಮ್ಮ ಕಡೆಯ ಹವೆಯ ಬಗ್ಗೆ ಯಾವ ಜಾಹೀರಾತೂ ಹೇಳುವುದಿಲ್ಲ. ಒಂದು ಕಡೆ ಠಾಣೆ ಖಾಡಿಯ ತೇವದ ಉಪ್ಪುಗಾಳಿ, ಇನ್ನೊಂದು ಕಡೆ ಠಾಣೆ-ಬೇಲಾಪುರ ರಸ್ತೆಯ ಧೂಳು. ಫ್ಯಾನಿನ ರೆಕ್ಕೆಗಳ ಹಿಂದೆ ಧೂಳು ಹೆಪ್ಪುಗಟ್ಟಿ ಗಾಳಿದಾರಿ ಮುಚ್ಚುತ್ತದೆ. ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ಸ್ವಚ್ಛ ಮಾಡಿಸಲೇಬೇಕು. ಹಾಸಿಗೆಯ ಮೇಲಿಟ್ಟು ರೆಂಡರ್‌ಗೆ ಹಾಕುವುದಂತೂ ಬೇಡವೇ ಬೇಡ. ತೆಳುವಾದದ್ದು ಚಂದ ಎಂದು ಮರುಳಾಗದೆ, ಗಾಳಿಯಾಡುವ ದಪ್ಪ ಯಂತ್ರವನ್ನೇ ಆರಿಸಿ ಎಂದು ನಾನು ಹೇಳುವುದು ಈ ಹವೆಯನ್ನು ನೋಡಿಯೇ.

ರ‍್ಯಾಮ್ ವಿಚಾರದಲ್ಲಿ ಹಳೆಯ ಬುದ್ಧಿಮಾತು ಈಗ ನಡೆಯುವುದಿಲ್ಲ. ‘ಸದ್ಯ 8 ಜಿಬಿ ತಕೊಳ್ಳಿ, ಆಮೇಲೆ ಹಾಕಿಸಿದರಾಯಿತು’ ಎನ್ನುತ್ತಿದ್ದೆವು. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಗಗನಕ್ಕೇರಿತು. ಕ್ರೂಶಲ್ ಹೆಸರಿನಲ್ಲಿ ಬಿಡಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್, ಆ ವ್ಯಾಪಾರವನ್ನೇ ಮುಚ್ಚುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಕೊಳ್ಳುವಾಗಲೇ 16 ಜಿಬಿ ಇರಲಿ, ಜೊತೆಗೆ ಒಂದು ಸ್ಲಾಟ್ ಖಾಲಿಯಿರಲಿ. ರ‍್ಯಾಮ್ ಬೋರ್ಡಿಗೇ ಬೆಸೆದಿದ್ದರೆ ಮುಂದೆ ದಾರಿಯಿಲ್ಲ.

ತಂಗಿಯ ಮಗನಿಗೆ ಕೊನೆಗೆ ಕೊಡಿಸಿದ್ದು 4060 ಇರುವ, 115 ವ್ಯಾಟ್ ಕೊಡುವ, ಬಣ್ಣ ಸರಿಯಾಗಿ ತೋರಿಸುವ ಒಂದು ದಪ್ಪ ಯಂತ್ರ. ಅದಕ್ಕಾಗಿ 1 ಟಿಬಿ ಬದಲು 512 ಜಿಬಿ ಎಸ್‌ಎಸ್‌ಡಿಗೆ ಒಪ್ಪಿಕೊಂಡೆವು. ಎಸ್‌ಎಸ್‌ಡಿ ಮುಂದೆ ಸೇರಿಸಬಹುದು, ಪರದೆಯನ್ನೂ ಕಾರ್ಡಿನ ವ್ಯಾಟನ್ನೂ ಬದಲಿಸಲು ಬರುವುದಿಲ್ಲ.

ಇದೆಲ್ಲ ಗಿರಾಕಿಯೊಬ್ಬನ ಜಾಣತನಕ್ಕೆ ಬಿಡುವ ವಿಷಯವಲ್ಲ. ಲ್ಯಾಪ್‌ಟಾಪಿನ ಮೇಲೆ 18 ಶೇಕಡಾ ಜಿಎಸ್‌ಟಿ ಇದೆ. ತೊಂಬತ್ತು ಸಾವಿರದ ಬಿಲ್ಲಿನಲ್ಲಿ ಹದಿಮೂರು ಸಾವಿರದ ಏಳುನೂರಕ್ಕೂ ಹೆಚ್ಚು ತೆರಿಗೆಯೇ. ಅಷ್ಟು ಕಟ್ಟಿದವರಿಗೆ ತಾವೇನು ಕೊಂಡೆವೆಂದು ತಿಳಿಯುವ ಹಕ್ಕಿಲ್ಲವೇ? ಸರಕಿನ ಗುಣಮಟ್ಟ, ಪ್ರಮಾಣ, ದರ್ಜೆ, ಬೆಲೆಗಳ ಮಾಹಿತಿ ಪಡೆಯುವುದು ಗ್ರಾಹಕರ ಹಕ್ಕು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಪೊಟ್ಟಣದ ಮೇಲೆ ಗರಿಷ್ಠ ಬೆಲೆ, ತಯಾರಾದ ತಿಂಗಳು, ತಯಾರಕರ ವಿಳಾಸ ಇರಲೇಬೇಕೆಂದು ಕಾನೂನು ಮಾಪನಶಾಸ್ತ್ರದ 2011ರ ನಿಯಮಗಳು ಕಡ್ಡಾಯ ಮಾಡಿವೆ. ಬಿಸ್ಕತ್ತಿನ ಪೊಟ್ಟಣದ ತೂಕ ಮುಚ್ಚಿಡುವಂತಿಲ್ಲ ಎಂದಮೇಲೆ, ಗ್ರಾಫಿಕ್ಸ್ ಕಾರ್ಡಿನ ವ್ಯಾಟ್ ಮತ್ತು ಪರದೆಯ ಎಸ್‌ಆರ್‌ಜಿಬಿ ಪ್ರಮಾಣ ಎರಡನ್ನೂ ಲ್ಯಾಪ್‌ಟಾಪ್ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುವುದಕ್ಕೆ ಏನು ಅಡ್ಡಿ? ಈ ನಿಯಮಗಳು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯದ ಅಡಿಯಲ್ಲಿ ಬರುತ್ತವೆ. ಆ ಖಾತೆಯ ಸಚಿವರು ಧಾರವಾಡದ ಸಂಸದ ಪ್ರಲ್ಹಾದ ಜೋಶಿ. ಈ ಎರಡು ಸಾಲನ್ನು ಕಡ್ಡಾಯ ಮಾಡಿ ಎಂದು ಅವರಲ್ಲಿ ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ, ಕೊಳ್ಳಲು ಹೊರಟ ಓದುಗರು ಮಾದರಿಯ ಪೂರ್ತಿ ನಂಬರು, ಕಾರ್ಡಿನ ವ್ಯಾಟ್, ಪರದೆಯ ಎಸ್‌ಆರ್‌ಜಿಬಿ ಪ್ರಮಾಣ ಮೂರನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಬರೆದದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915.